ಹೋತನ ಬಿಕ್ಕಳಿಕೆ

ಒಂದು ಕಾಲಕ್ಕೆ ನನಗೆ ಒಬ್ಬ ಹೋತನ ಮೇಲೆ ವಿಪರೀತ ಸಿಟ್ಟಿತ್ತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ಆಮೇಲೆ ನಾನೂ ನಕ್ಕಿದ್ದೇನೆ. ಅದು ನಮ್ಮ ಹಿತ್ತಿಲಿಗೆ ನುಗ್ಗಿ ದಾಸವಾಳದ ಗಿಡ ಮೇಯ್ದ ಹೋತವಲ್ಲ. ಟಿವಿಯೊಳಗೆ ಬಣ್ಣದ ಗೆರೆಗಳಲ್ಲಿ ಬರೆದ, ಕೋಟು ತೊಟ್ಟು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಓಡಾಡುವ ಹೋತ. ಅವನು ಮೇಯ್ದದ್ದು ನನ್ನ ಆರು ವರ್ಷದ ಕೆಲಸವನ್ನು.

ಆಗ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು. ತೆಂಗು, ಕೊಬ್ಬರಿಯ ಊರಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಮರ್ಯಾದೆ ಎಷ್ಟಿರುತ್ತದೋ ಗೊತ್ತಿಲ್ಲ, ಬಿಡುವಂತೂ ಧಾರಾಳವಾಗಿ ಇರುತ್ತದೆ. ಆ ಬಿಡುವಿನಲ್ಲಿ ಕೆಲವರು ಇಸ್ಪೀಟಾಡುತ್ತಾರೆ, ಕೆಲವರು ಸೈಟು ನೋಡುತ್ತಾ ತಿರುಗುತ್ತಾರೆ. ನಾನು ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರಲು ಕುಳಿತೆ. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಮೂಲವನ್ನು ಹುಡುಕಿ ಓದಿ ನನ್ನ ತಪ್ಪು ಹಿಡಿಯುತ್ತೀರಿ. ಹಳೆಯದು, ದಪ್ಪನೆಯದು, ಶ್ರೇಷ್ಠವೆಂದು ಎಲ್ಲರೂ ಒಪ್ಪಿ ಯಾರೂ ಪೂರ್ತಿ ಓದದೆ ಬಿಟ್ಟಿರುವಂಥದ್ದು ಎಂದರೆ ಸಾಕು.

ಕಥೆ ಇಷ್ಟು. ಒಂದು ದೊಡ್ಡ ಬಂಗಲೆಯಲ್ಲಿ ಅಣ್ಣ ತಮ್ಮ ಇಬ್ಬರು. ಏನೋ ಒಂದು ಮಾತಿಗೆ ಜಗಳವಾಗಿ ಮನೆಯ ನಡುವೆ ಗೋಡೆ ಕಟ್ಟಿಕೊಳ್ಳುತ್ತಾರೆ. ಅಡುಗೆ ಬೇರೆ, ಬಾಗಿಲು ಬೇರೆ, ಮಾತಿಲ್ಲ. ತಮ್ಮನಿಗೆ ಒಂದು ಹಳೆಯ ಕೆಮ್ಮು. ಗೋಡೆಯಾಚೆಯಿಂದ ಬರುವ ಆ ಕೆಮ್ಮನ್ನು ಅಣ್ಣ ವರ್ಷಗಟ್ಟಲೆ ಕೇಳುತ್ತಾನೆ. ಕೇಳಿ ಕೇಳಿ ಬೇಸರವಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಕೊನೆಯ ಅಧ್ಯಾಯದಲ್ಲಿ ಒಂದು ಸಂಜೆ ಕೆಮ್ಮು ಕೇಳಿಸುವುದಿಲ್ಲ. ಅಣ್ಣ ಕಾಯುತ್ತಾನೆ, ಇನ್ನೂ ಕಾಯುತ್ತಾನೆ, ಕೊನೆಗೆ ಎದ್ದು ಗೋಡೆ ಒಡೆಯುತ್ತಾನೆ. ಒಡೆದು, ಹಾಸಿಗೆ ಹಿಡಿದ ತಮ್ಮನ ಮುಂದೆ ನಿಂತು, ಅಹಂಕಾರದ ಬಗ್ಗೆ, ಕ್ಷಮೆಯ ಬಗ್ಗೆ, ಮನುಷ್ಯ ತನಗೆ ತಾನೇ ಕಟ್ಟಿಕೊಳ್ಳುವ ಸೆರೆಯ ಬಗ್ಗೆ ಎರಡು ಪುಟ ಮಾತಾಡುತ್ತಾನೆ. ಆ ಎರಡು ಪುಟಕ್ಕೇ ನಾನು ಒಂದು ಬೇಸಿಗೆ ರಜೆಯನ್ನು ಖರ್ಚು ಮಾಡಿದ್ದೆ.

ಅಷ್ಟು ಶ್ರಮ ಬರೀ ಸಾಹಿತ್ಯ ಸೇವೆಗೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಮನಸ್ಸಿನಲ್ಲಿ ಒಬ್ಬ ಶ್ರೋತೃ ಇದ್ದರು. ನಮ್ಮ ಪಕ್ಕದ ಮನೆಯ ನಂಜಪ್ಪನವರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿ ನಿವೃತ್ತರಾದವರು, ಹಗರೆಯ ಕಡೆಯವರು. ಹಗರೆಯಲ್ಲಿ ಅವರ ತಮ್ಮ ಚಂದ್ರಪ್ಪ ಹಸು ಕಟ್ಟಿಕೊಂಡು, ತೋಟ ನೋಡಿಕೊಂಡು ಇದ್ದರು. ಒಂದು ಸಲ ತಮ್ಮ, ಅಕ್ಕಪಕ್ಕದವರ ದನ ನುಗ್ಗುತ್ತದೆಂದು, ತೋಟಕ್ಕೆ ತಂತಿ ಬೇಲಿ ಹಾಕಿಸಿದ. ಅಣ್ಣನಿಗೆ ಒಂದು ಮಾತು ಹೇಳಿ ಹಾಕಿಸಬಹುದಿತ್ತು, ಹೇಳಲಿಲ್ಲ. ಯುಗಾದಿಗೆಂದು ಊರಿಗೆ ಹೋದ ಅಣ್ಣ, ಬೇಲಿ ನೋಡಿ, ಇದು ದನಕ್ಕೆ ಹಾಕಿದ್ದಲ್ಲ ನನಗೆ ಹಾಕಿದ್ದು ಎಂದು ತೀರ್ಮಾನಿಸಿ ಬಂದ ಬಸ್ಸಿನಲ್ಲೇ ತಿರುಗಿ ಬಂದರು. ಅಷ್ಟೇ ಜಗಳ. ಅದರ ಮೇಲೆ ವರ್ಷಗಳು ಬೆಳೆದವು.

ಈಗ ಚಂದ್ರಪ್ಪನವರ ಮಗಳ ಮದುವೆ ಗೊತ್ತಾಗಿತ್ತು. ಅಣ್ಣ ಬಂದು ನಿಲ್ಲದೆ ಚಪ್ಪರದ ಕಂಬ ನೆಡುವುದಿಲ್ಲವೆಂದು ಹಗರೆಯಲ್ಲಿ ತಮ್ಮ ಕೂತಿದ್ದ. ಮಾತು ಮುರಿದವನು ಮೊದಲು ಮಾತಾಡಲಿ ಎಂದು ಅರಸೀಕೆರೆಯಲ್ಲಿ ಅಣ್ಣ ಕೂತಿದ್ದರು. ನಡುವೆ ನಂಜಪ್ಪನವರ ಹೆಂಡತಿ ಪುಟ್ಟಗೌರಮ್ಮ ಒಬ್ಬರೇ ಅತ್ತ ಇತ್ತ ಓಡಾಡಿ ಸೋತಿದ್ದರು. ಒಂದು ದಿನ ನಮ್ಮ ಮನೆಗೆ ಬಂದು, ನೀವು ಓದಿದೋರು, ನಿಮ್ಮ ಮಾತಾದ್ರೂ ಕೇಳ್ತಾರೇನೋ ನೋಡಿ ಎಂದರು. ಓದಿದವನಿಗೆ ಒಂದು ಕೆಲಸ ಹೇಳಿದರೆ ಅವನು ಮಾಡುವುದೇನು? ಪುಸ್ತಕ ತೆಗೆಯುತ್ತಾನೆ. ಬೇಲೂರಿನಲ್ಲಿ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರಿ ಓದುವ ಒಂದು ಗುಂಪಿತ್ತು. ನನ್ನ ಅನುವಾದದ ಕೊನೆಯ ಅಧ್ಯಾಯವನ್ನು ಅಲ್ಲಿ ಓದುವುದು, ನಂಜಪ್ಪನವರನ್ನು ಹೇಗಾದರೂ ಮಾಡಿ ಮುಂದಿನ ಸಾಲಿನಲ್ಲಿ ಕೂರಿಸುವುದು, ಕೆಮ್ಮು ನಿಂತಲ್ಲಿ ಅವರ ಗಂಟಲು ಕಟ್ಟುವುದು, ಎರಡು ಪುಟದ ಭಾಷಣಕ್ಕೆ ಅವರು ಕರಗಿ ಹಗರೆಗೆ ಹೊರಡುವುದು. ಇದು ನನ್ನ ಏರ್ಪಾಡು. ಅವರ ಕಣ್ಣೀರಿಗೆಂದು ಎಲ್ಲಿ ಎಷ್ಟು ಹೊತ್ತು ನಿಲ್ಲಿಸಿ ಓದಬೇಕೆಂದು ಹಸ್ತಪ್ರತಿಯಲ್ಲಿ ಪೆನ್ಸಿಲಿನಿಂದ ಗೆರೆ ಕೂಡ ಎಳೆದುಕೊಂಡಿದ್ದೆ.

ಅಷ್ಟರಲ್ಲಿ ಹೋತ ಬಂದ.

ನಮ್ಮೂರಿಗೆ ಕೇಬಲ್ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ತಂತಿ ಎಳೆಯುವ ಮಂಜುನಾಥನೇ ಊರಿನ ರಸಿಕತೆಗೆ ಒಡೆಯ. ಅವನು ತನಗೆ ಹಿಡಿಸಿದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿದಿಟ್ಟು, ತನ್ನದೇ ಒಂದು ಚಾನೆಲ್ಲಿನಲ್ಲಿ ಜನ ಕೇಳಿದಾಗಲೆಲ್ಲ ಮತ್ತೆ ಹಾಕುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಇಂಗ್ಲಿಷಿನ ಒಂದು ಕಾರ್ಟೂನು. ಪ್ರತಿ ವಾರವೂ ಯಾವುದೋ ಒಂದು ದೊಡ್ಡ ಪುಸ್ತಕವನ್ನು ಹಿಡಿದು ಗೇಲಿ ಮಾಡುವುದು ಅವರ ಪದ್ಧತಿಯಂತೆ. ಆ ವಾರ ಹಿಡಿದದ್ದು ನನ್ನ ಪುಸ್ತಕವನ್ನು. ಅಣ್ಣ ತಮ್ಮ ಇಬ್ಬರೂ ಹೋತಗಳು. ಗೋಡೆ ಕಟ್ಟುವ ಮೇಸ್ತ್ರಿ ಒಂದು ಹೆಗ್ಗಣ. ತಮ್ಮನಿಗೆ ಕೆಮ್ಮಿನ ಬದಲು ಬಿಕ್ಕಳಿಕೆ. ಅವನು ಒಂದು ಸಲ ಬಿಕ್ಕಿದರೆ ಗೋಡೆಯಿಂದ ಒಂದು ಇಟ್ಟಿಗೆ ಹಾರಿ ಅಣ್ಣನ ಸೂಪಿನ ಬಟ್ಟಲಿಗೆ ಬೀಳುತ್ತದೆ. ಅಣ್ಣ ಹೆಗ್ಗಣವನ್ನು ಕರೆಸುತ್ತಾನೆ, ಹೆಗ್ಗಣ ಇಟ್ಟಿಗೆ ಕೂರಿಸುತ್ತದೆ, ಮತ್ತೆ ಬಿಕ್ಕಳಿಕೆ. ಕೊನೆಗೆ ಬಿಕ್ಕಳಿಕೆ ನಿಲ್ಲುತ್ತದೆ. ನಿಂತ ಕೂಡಲೇ ಅಣ್ಣನಿಗೆ ನಿದ್ದೆ ಹಾರುತ್ತದೆ. ಎದ್ದು ಬಂದು, ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಗೋಡೆಗೆ ಹಾಯುತ್ತಾನೆ. ಗೋಡೆ ಬೀಳುತ್ತದೆ. ಇಬ್ಬರೂ ಏನೂ ಮಾತಾಡದೆ ಗೋಡೆಯ ಮೇಲಿದ್ದ ಬಳ್ಳಿಯನ್ನು ಮೇಯತೊಡಗುತ್ತಾರೆ. ಮುಗಿಯಿತು.

ನಾನು ಟಿವಿಯ ಮುಂದೆ ಕಾಫಿ ಲೋಟ ಹಿಡಿದು ಕಲ್ಲಾಗಿದ್ದೆ. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಸುಸ್ತಾಗಿ, ನಿಮ್ಮದಕ್ಕಿಂತ ಇದು ಬೇಗ ಮುಗೀತು ಎಂದಳು. ಆರು ವರ್ಷ ನನ್ನ ಅನುವಾದದ ಜೊತೆ ಸಂಸಾರ ಮಾಡಿದವಳು ಅವಳು, ಹೇಳುವ ಹಕ್ಕಿತ್ತು.

ಮುಂದಿನ ವಾರವಿಡೀ ಊರಿನಲ್ಲಿ ಅದೇ ಮಾತು. ಇಂಗ್ಲಿಷ್ ಒಂದಕ್ಷರ ಬಾರದವರೂ ಹೋತಗಳ ಕಥೆಯ ಮೇಲೆ ಅಭಿಪ್ರಾಯ ಇಟ್ಟುಕೊಂಡಿದ್ದರು. ನಮ್ಮ ಬೀದಿಯಲ್ಲಿ ಗಾರೆ ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಯ ಪ್ರಕಾರ ತಪ್ಪೆಲ್ಲ ಹೆಗ್ಗಣದ್ದು. ಪಾಯ ತೆಗೆಯದೆ ಗೋಡೆ ಎಬ್ಬಿಸಿದರೆ ಬಿಕ್ಕಳಿಕೆ ಏನು, ಸೀನಿದರೂ ಬೀಳುತ್ತದೆ. ಕೊಬ್ಬರಿ ಮಂಡಿಯಲ್ಲಿ ಕೂತವರೊಬ್ಬರಿಗೆ, ಅಷ್ಟು ದೊಡ್ಡ ಮನೆಯಿದ್ದೂ ಹಿಸ್ಸೆ ಪತ್ರ ಮಾಡಿಸದೆ ಗೋಡೆ ಕಟ್ಟಿದ್ದು ಮೂರ್ಖತನವಾಗಿ ಕಂಡಿತ್ತು. ನನ್ನ ತರಗತಿಯ ಹುಡುಗಿಯೊಬ್ಬಳು ಕಿರುಪರೀಕ್ಷೆಯಲ್ಲಿ ಆ ಕಾದಂಬರಿಯ ನಾಯಕನಿಗೆ ಗಡ್ಡವೂ ಎರಡು ಕೊಂಬೂ ಇದ್ದವೆಂದು ಬರೆದಳು. ಗಡ್ಡ ಮೂಲದಲ್ಲೂ ಇದ್ದುದರಿಂದ ಅರ್ಧ ಅಂಕ ಕೊಟ್ಟೆ.

ಎಲ್ಲಕ್ಕಿಂತ ನೋವಾದದ್ದು ಇನ್ನೊಂದು ಮಾತಿನಿಂದ. ನಾನು ಗೋಡೆ ಕಟ್ಟಿಕೊಂಡ ಅಣ್ಣ ತಮ್ಮಂದಿರ ಕಥೆಯನ್ನು ಬರೆಯುತ್ತಿದ್ದೇನೆಂದು ಬೀದಿಗೆಲ್ಲ ಗೊತ್ತಿತ್ತು. ಈಗ ಅವರೆಲ್ಲ ಸೇರಿ, ಮೇಷ್ಟರು ಇಷ್ಟು ವರ್ಷ ಕೂತು ಕನ್ನಡ ಮಾಡುತ್ತಿದ್ದದ್ದು ಈ ಕಾರ್ಟೂನನ್ನೇ ಎಂದು ತಿಳಿದುಬಿಟ್ಟರು. ಮಂಜುನಾಥ ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ ಕೈ ಕುಲುಕಿದ. ಕಿರಾಣಿ ಅಂಗಡಿಯವರು, ಹೆಗ್ಗಣದ ಪಾತ್ರ ನಿಮ್ಮ ಪುಸ್ತಕದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇರಬೇಕಲ್ಲವೇ ಎಂದು ವಿಚಾರಿಸಿದರು. ಹೆಗ್ಗಣ ಮೂಲದಲ್ಲಿ ಇಲ್ಲ ಎಂದೆ. ಹಾಗಾದರೆ ಮೂಲ ಅಷ್ಟು ಚೆನ್ನಾಗಿಲ್ಲ ಅನ್ನಿ ಎಂದು ಅವರು ಬೇಳೆ ಕಟ್ಟಿಕೊಟ್ಟರು.

ಅಣಕಕ್ಕೆ ನಾನು ವಿರೋಧಿಯೇನಲ್ಲ. ಹಳೇಬೀಡಿನ ದೇವಸ್ಥಾನದ ಗೋಡೆಯನ್ನು ಸುತ್ತಿ ಬಂದ ಯಾರೂ ವಿರೋಧಿಯಾಗುವ ಹಾಗಿಲ್ಲ. ಕೆಳಗಿನ ಸಾಲಿನಲ್ಲಿ ಆನೆಗಳು ಗಂಭೀರವಾಗಿ ನಡೆಯುತ್ತಿರುತ್ತವೆ. ಕಣ್ಣು ಮೇಲಿನ ಸಾಲುಗಳಿಗೆ ಏರಿದರೆ ಅಲ್ಲೊಂದು ಮಕರ ಸಿಗುತ್ತದೆ. ಅದಕ್ಕೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಹಿಂದೆ ನವಿಲಿನ ಬಾಲ. ಇದನ್ನು ಕೆತ್ತಿದವನು ನಗದೆ ಕೆತ್ತಿರಲು ಸಾಧ್ಯವೇ? ಬೇಲೂರಿನಲ್ಲಿ ಅಷ್ಟು ಚೆಲುವೆಯಾದ ಹೆಣ್ಣನ್ನು ನಿಲ್ಲಿಸಿ, ಅವಳ ಕಾಲ ಬಳಿ ಸೀರೆ ಎಳೆಯುವ ಒಂದು ಕೋತಿಯನ್ನೂ ಇಟ್ಟಿದ್ದಾನೆ. ಮೇಲೆ ದೇವರು, ಕೆಳಗೆ ಕೋತಿ, ಎರಡಕ್ಕೂ ಒಂದೇ ಕಲ್ಲು, ಒಂದೇ ಉಳಿ. ಪ್ರತಿ ವರ್ಷ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ನಾನೇ ವಿವರಿಸಿದ್ದೇನೆ. ಆದರೆ ಕೋತಿ ಬೇರೆಯವರ ಸೀರೆ ಎಳೆಯುವಾಗ ಇರುವ ವೈಶಾಲ್ಯ ನಮ್ಮ ಪಂಚೆಗೆ ಕೈಯಿಟ್ಟಾಗ ಇರುವುದಿಲ್ಲ.

ಅಭಿಪ್ರಾಯಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಪುಟ್ಟಗೌರಮ್ಮನವರದು. ಅವರ ಮಟ್ಟಿಗೆ ಅದು ಹಾಸ್ಯವೇ ಅಲ್ಲ. ಹಾಲಿಗೆ ಹೆಪ್ಪು ಕೇಳಲು ಬಂದವರು ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಪಾಪ, ಅಣ್ಣ ಅಷ್ಟೊಂದು ನೆನೆಸ್ಕೋತಾ ಇದ್ದ, ಆ ತಮ್ಮಂಗೆ ಗೊತ್ತೇ ಆಗ್ಲಿಲ್ಲ ನೋಡಿ ಎಂದರು. ಎಲ್ಲಿ ನೆನೆಸಿಕೊಂಡ, ಅವನು ಸೂಪು ಕುಡಿಯುತ್ತಿದ್ದನಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ನೆನೆಸಿಕೊಳ್ಳದೆ ಬಿಕ್ಕಳಿಕೆ ಬರುತ್ತದೆಯೇ?

ನಿಜ. ನಮ್ಮ ಕಡೆ ಬಿಕ್ಕಳಿಕೆಗೆ ಇರುವುದು ಅದೊಂದೇ ಕಾರಣ. ಬಿಕ್ಕಳಿಕೆ ಬಂದವನಿಗೆ ಮೊದಲು ನೀರು ಕೊಡುತ್ತಾರೆ, ಆಮೇಲೆ ಒಂದು ಚಿಟಿಕೆ ಸಕ್ಕರೆ. ಅದಕ್ಕೂ ಬಗ್ಗದಿದ್ದರೆ, ಯಾರ ಮನೆಯಲ್ಲೋ ಏನೋ ಕದ್ದೆಯಂತೆ ಎಂದು ಇದ್ದಕ್ಕಿದ್ದಂತೆ ಆರೋಪ ಹೊರಿಸಿ ಬೆಚ್ಚಿಬೀಳಿಸುತ್ತಾರೆ. ಇದೆಲ್ಲ ಮೇಲುಮೇಲಿನ ಚಿಕಿತ್ಸೆ. ನಿಜವಾದ ಔಷಧ, ಯಾರು ನೆನೆಸಿಕೊಳ್ಳುತ್ತಿದ್ದಾರೆಂದು ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋಗುವುದು. ಸರಿಯಾದ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಲ್ಲುತ್ತದೆ. ಕಾರ್ಟೂನು ಬರೆದ ಪುಣ್ಯಾತ್ಮನಿಗೆ ಇದು ಗೊತ್ತಿರುವ ಸಂಭವವಿಲ್ಲ. ಅವನು ಕೆಮ್ಮಿಗಿಂತ ಬಿಕ್ಕಳಿಕೆ ನಗು ತರಿಸುತ್ತದೆಂದು ಹಾಕಿದ್ದ, ಅಷ್ಟೇ. ಇದನ್ನು ಪುಟ್ಟಗೌರಮ್ಮನವರಿಗೆ ಬಿಡಿಸಿ ಹೇಳಿದೆ. ವಿದೇಶದಲ್ಲಿ ಬಿಕ್ಕಳಿಕೆ ಎಂದರೆ ಹೊಟ್ಟೆಯ ಮೇಲಿನ ಒಂದು ಪೊರೆಯ ಚೇಷ್ಟೆ ಮಾತ್ರ ಎಂದೂ ಹೇಳಿದೆ. ಅವರು ಹೆಪ್ಪಿನ ಬಟ್ಟಲು ಹಿಡಿದು ಎಲ್ಲವನ್ನೂ ಕೇಳಿಸಿಕೊಂಡು, ಅಲ್ಲಿಯೋರ್ಗೆ ನೆನೆಸ್ಕೊಳ್ಳೋರು ಇರಲ್ವಾ ಪಾಪ ಎಂದು ಹೊರಟುಹೋದರು. ಆಮೇಲೆ ವಿಚಾರಿಸಿದರೆ, ನಮ್ಮ ಬೀದಿಯಲ್ಲಿ ಮುಕ್ಕಾಲು ಜನ ಕಥೆಯನ್ನು ಹಾಗೆಯೇ ನೋಡಿದ್ದರು. ಇಂಗ್ಲಿಷ್ ತಿಳಿದ ನಾನೊಬ್ಬನೇ ಬರೀ ಬಿಕ್ಕಳಿಕೆಯನ್ನು ನೋಡಿದ್ದೆ.

ನಂಜಪ್ಪನವರ ಅಭಿಪ್ರಾಯವೇನು? ಅದೇ ನನಗೆ ಬೇಕಾಗಿದ್ದದ್ದು, ಅದೇ ಸಿಕ್ಕಲಿಲ್ಲ. ಅವರು ಅದನ್ನು ಮಂಜುನಾಥ ಹಾಕಿದಾಗಲೆಲ್ಲ ನೋಡುತ್ತಿದ್ದರು ಎಂಬುದು ಗೋಡೆಯಾಚೆಯ ನಗುವಿನಿಂದ ಗೊತ್ತಾಗುತ್ತಿತ್ತು. ಡ್ರಿಲ್ ಮೇಷ್ಟರ ನಗು, ಮೈದಾನದ ಆ ತುದಿಗೆ ಕೇಳಿಸುವಂಥದ್ದು. ಆ ನಗು ಕೇಳಿದಾಗಲೆಲ್ಲ ನನ್ನ ಎರಡು ಪುಟದ ಭಾಷಣ ತಣ್ಣಗಾಗುತ್ತಿತ್ತು. ಹೋತನನ್ನು ನೋಡಿ ಇಷ್ಟು ನಕ್ಕವರನ್ನು ಅದೇ ಕಥೆ ಓದಿ ಅಳಿಸುವುದು ಹೇಗೆ? ಮದುವೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಓದುವುದನ್ನೇ ಬಿಟ್ಟುಬಿಡಲೇ ಎಂದು ಹೆಂಡತಿಯನ್ನು ಕೇಳಿದೆ. ನೀವು ಓದಿದರೂ ಅಷ್ಟೇ ಬಿಟ್ಟರೂ ಅಷ್ಟೇ, ಅವರನ್ನ ಬೇಲೂರಿನವರೆಗಾದರೂ ಕರಕೊಂಡು ಹೋಗಿ, ಅಲ್ಲಿಂದ ಹಗರೆ ಹತ್ತಿರ ಎಂದಳು. ಭೂಗೋಳ ತಿಳಿದ ಹೆಂಡತಿಯನ್ನು ಪಡೆದವನು ಸಾಹಿತ್ಯವನ್ನು ಅಷ್ಟಾಗಿ ನೆಚ್ಚಬೇಕಾಗಿಲ್ಲ.

ಅಂತೂ ಆ ಭಾನುವಾರ ನಂಜಪ್ಪನವರು, ಪುಟ್ಟಗೌರಮ್ಮನವರು, ನಾನು ಮೂವರೂ ಬೆಳಗಿನ ಬಸ್ಸು ಹತ್ತಿದೆವು. ಜಾವಗಲ್ ದಾಟಿ ಹಳೇಬೀಡು ಬರುವವರೆಗೂ ನಂಜಪ್ಪನವರು ಕಿಟಕಿಯಾಚೆಯ ರಾಗಿ ಹೊಲ ನೋಡುತ್ತಾ, ತೆನೆ ಕಟ್ಟಿದ್ದು ಸಾಲದು ಎಂದು ಎರಡೂ ಕಡೆಯ ಹೊಲಗಳಿಗೆ ತಮ್ಮ ಅಸಮಾಧಾನ ತಿಳಿಸುತ್ತಿದ್ದರು. ನಾನು ಹಸ್ತಪ್ರತಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ.

ಬೇಲೂರಿನ ಗುಂಪಿನಲ್ಲಿ ಒಂದು ಒಳ್ಳೆಯ ಸಂಪ್ರದಾಯವಿತ್ತು. ಮೊದಲು ತಿಂಡಿ, ಆಮೇಲೆ ಓದು. ಓದು ಮೊದಲಾದರೆ ಕೇಳುವವರ ಮನಸ್ಸು ಅಡುಗೆಮನೆಯಲ್ಲಿರುತ್ತದೆಂದು ಅನುಭವದಿಂದ ಕಂಡುಕೊಂಡಿದ್ದರು. ಆ ದಿನ ಖಾರವಾದ ಬಿಸಿಬೇಳೆ ಬಾತು. ತಿಂದು, ಕಾಫಿ ಕುಡಿದು, ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂತರು. ನಂಜಪ್ಪನವರು ನಾನು ಬಯಸಿದ ಜಾಗದಲ್ಲೇ, ನನ್ನ ಎದುರಿಗೇ, ಡ್ರಿಲ್ಲಿನ ನೇರ ಬೆನ್ನಿನಲ್ಲಿ ಕೂತರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಬಂಗಲೆಯ ವರ್ಣನೆ ಚೆನ್ನಾಗಿ ಹೋಯಿತು. ಗೋಡೆಯ ವರ್ಣನೆಗೂ ತೊಂದರೆಯಾಗಲಿಲ್ಲ. ಆಮೇಲೆ, 'ಗೋಡೆಯಾಚೆಯಿಂದ ತಮ್ಮನ ಕೆಮ್ಮು ಕೇಳಿಸಿತು' ಎಂದು ಓದಿದೆ.

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಬೇಲೂರಿಗೂ ಕೇಬಲ್ ಇದೆಯೆಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರ ಪಕ್ಕದವರು ನಕ್ಕರು. ಮನೆಯ ಯಜಮಾನರು ನಗು ತಡೆಯಲು ಹೋಗಿ ಇನ್ನಷ್ಟು ಕೆಡಿಸಿದರು. ಕೊನೆಗೆ ನಂಜಪ್ಪನವರ ನಗು ಹೊರಟಿತು, ಆ ಮೈದಾನದ ನಗು. ಅವರೊಬ್ಬರು ನಕ್ಕ ಮೇಲೆ ಇನ್ನಾರಿಗೂ ಲಂಗುಲಗಾಮು ಉಳಿಯಲಿಲ್ಲ. ನಾನು ಪುಟ ಹಿಡಿದುಕೊಂಡು, ಪೆನ್ಸಿಲಿನ ಗೆರೆಗಳನ್ನು ನೋಡುತ್ತಾ ಕೂತೆ. ಆ ಕ್ಷಣದಲ್ಲಿ ನನಗಾದ ದುಃಖವನ್ನು ಮುಚ್ಚಿಡುವುದಿಲ್ಲ. ಗೋಡೆ ಕಟ್ಟಿದ ಮೇಸ್ತ್ರಿಗೆ ಅದು ಕಣ್ಣೆದುರೇ ಬಿದ್ದರೆ ಹೇಗಾಗುತ್ತದೋ ಹಾಗಾಯಿತು.

ನಗು ಒಂದು ಹದಕ್ಕೆ ಇಳಿದಾಗ ಒಂದು ಸದ್ದು ಕೇಳಿಸಿತು. ನಂಜಪ್ಪನವರಿಗೆ ಬಿಕ್ಕಳಿಕೆ ಹತ್ತಿತ್ತು. ಖಾರದ ಬಾತಿನ ಮೇಲೆ ಅಷ್ಟು ನಕ್ಕರೆ ಯಾರಿಗಾದರೂ ಹತ್ತುತ್ತದೆ. ಮತ್ತೆ ಎಲ್ಲರೂ ನಗುತ್ತಾರೆಂದು ನಾನು ಕಾದೆ. ಆದರೆ ಯಾರೂ ನಗಲಿಲ್ಲ. ಬಿಕ್ಕಳಿಕೆ ಟಿವಿಯಲ್ಲಿದ್ದಾಗ ಹಾಸ್ಯ, ಮನೆಗೆ ಬಂದವರಿಗೆ ಬಂದಾಗ ಜವಾಬ್ದಾರಿ. ಒಳಗಿನಿಂದ ನೀರು ಬಂತು, ಸಕ್ಕರೆ ಬಂತು. ಎರಡಕ್ಕೂ ಜಗ್ಗಲಿಲ್ಲ. ಆಗ ಹೆಸರು ಹೇಳುವುದು ಶುರುವಾಯಿತು. ತುಮಕೂರಿನ ಮಗಳಿರಬೇಕು ಎಂದರು ಒಬ್ಬರು. ಮೊಮ್ಮಗ ಇರಬೇಕು ಎಂದರು ಇನ್ನೊಬ್ಬರು. ಹಳೆಯ ವಿದ್ಯಾರ್ಥಿಗಳು, ಸ್ಕೂಲಿನ ಹೆಡ್‌ಮಾಸ್ಟರು, ಕಣಕಟ್ಟೆಯ ಬೀಗರು, ಎಲ್ಲರ ಹೆಸರೂ ಆಯಿತು. ಹೇಳಬೇಕಾದ ಒಂದು ಹೆಸರನ್ನು ಯಾರೂ ಹೇಳಲಿಲ್ಲ. ಬೇಲಿಯ ಜಗಳ ಆ ಸೀಮೆಯಲ್ಲಿ ತಿಳಿಯದವರಿರಲಿಲ್ಲ. ಪುಟ್ಟಗೌರಮ್ಮನವರು ಹೆಂಗಸರ ನಡುವೆ ತಲೆ ತಗ್ಗಿಸಿಕೊಂಡು ಕೂತಿದ್ದರು.

ಹೆಸರುಗಳು ಮುಗಿದವು. ಮನೆಯಲ್ಲಿ ಬಿಕ್ಕಳಿಕೆಯ ಸದ್ದೊಂದೇ ಉಳಿಯಿತು. ನಂಜಪ್ಪನವರು ನೀರಿನ ಲೋಟವನ್ನು ನೆಲಕ್ಕಿಟ್ಟು, ಅದನ್ನೇ ನೋಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು.

"ನಮ್ಮ ಚಂದ್ರ ಇರ್ಬೇಕು."

ಕೂಡಲೇ ನಿಂತಿತು ಎಂದು ಬೇಲೂರಿನವರು ಇಂದಿಗೂ ಹೇಳುತ್ತಾರೆ. ಅದಾದ ಮೇಲೆ ಇನ್ನೂ ಒಂದೆರಡು ಸಲ ಬಂದದ್ದನ್ನು ನಾನು ಕೇಳಿದ್ದೇನೆ. ಆದರೆ ಅಂಥ ಹೊತ್ತಿನಲ್ಲಿ ಎಣಿಸುತ್ತಾ ಕೂತವನು ನಾನೊಬ್ಬನೇ ಎಂದು ಕಾಣುತ್ತದೆ. ಓದು ಅಲ್ಲಿಗೇ ನಿಂತಿತು. ಎಲೆ ಅಡಿಕೆಯ ತಟ್ಟೆ ಬಂತು.

ಬಸ್ ನಿಲ್ದಾಣದಲ್ಲಿ ಹಳೇಬೀಡಿನ ಕಡೆಗೆ ಹೋಗುವ ನಮ್ಮ ಬಸ್ಸು ನಿಂತಿತ್ತು. ನಂಜಪ್ಪನವರು ಅದನ್ನು ದಾಟಿ ಹೋಗಿ ಹಾಸನದ ಬಸ್ಸು ಹತ್ತಿದರು. ಅದು ಹಗರೆಯ ಮೇಲೆ ಹೋಗುತ್ತದೆ. ಪುಟ್ಟಗೌರಮ್ಮನವರು ಹಿಂದೆಯೇ ಹತ್ತಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತರು. ನನಗೆ ಆ ದಾರಿ ದೊಡ್ಡ ಸುತ್ತು. ಆದರೂ ಹತ್ತಿದೆ. ಆರು ವರ್ಷ ಒಂದು ಗೋಡೆಯ ಹಿಂದೆ ಬಿದ್ದವನು ಅದು ಬೀಳುವ ಹೊತ್ತಿಗೆ ಮನೆಗೆ ಹೋಗಿಬಿಡುವುದುಂಟೇ?

ಊರು ದಾಟಿದ ಮೇಲೆ ನಂಜಪ್ಪನವರು ಕಿಟಕಿಯ ಕಡೆಯೇ ಮುಖವಿಟ್ಟುಕೊಂಡು ಮಾತು ತೆಗೆದರು.

"ಆ ಹೋತಗಳು ಏನೂ ಮಾತಾಡ್ನಿಲ್ಲ ಕಣ್ರೀ ಮೇಷ್ಟ್ರೇ, ಸೊಪ್ಪು ಮೇಯ್ದು ಸುಮ್ಕಾದ್ವು. ನಿಮ್ಮ ಬುಕ್ನಾಗೆ ಹೆಂಗೈತೆ? ಗೋಡೆ ಒಡೆದ್ಮೇಲೆ ಅಣ್ಣ ಮೊದ್ಲು ಏನಂದ?"

ನಿಮಗೆ ನೆನಪಿರಬಹುದು, ಆ ಪ್ರಶ್ನೆಗೆ ನನ್ನ ಬಳಿ ಎರಡು ಪುಟದ ಉತ್ತರವಿತ್ತು. ನನ್ನ ತೊಡೆಯ ಮೇಲೇ ಇತ್ತು. ಇಡೀ ಮಧ್ಯಾಹ್ನದಲ್ಲಿ ಮೊದಲ ಬಾರಿಗೆ ಒಬ್ಬರು ಅದನ್ನು ಕೇಳುತ್ತಿದ್ದರು, ಅದೂ ನಾನು ಯಾರಿಗಾಗಿ ಬರೆದಿದ್ದೆನೋ ಅವರೇ. ಪುಟ ತೆರೆದೆ. ಮೊದಲ ವಾಕ್ಯದಲ್ಲೇ 'ಅಹಂಕಾರವೆಂಬ ಕಾರಾಗೃಹದ' ಎಂದು ಶುರುವಾಗುತ್ತಿತ್ತು. ನಂಜಪ್ಪನವರ ಕೈ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಿತ್ತು. ಸಾವಿರಾರು ಹುಡುಗರನ್ನು ಅಂಜಿಸಿದ ಕೈ ಅದು. ಅವರಿಗೆ ಬೇಕಾಗಿದ್ದದ್ದು ಸಾಹಿತ್ಯವಲ್ಲ. ಹಗರೆ ಬರುವುದರೊಳಗೆ ಬಾಯಿಪಾಠ ಮಾಡಿಕೊಳ್ಳಬಹುದಾದ ಒಂದು ಮಾತು.

ಪುಟ ಮುಚ್ಚಿದೆ.

"ಊಟ ಆಯ್ತೇನೋ ಅಂದ. ಅಷ್ಟೇ."

ಅವರು ಸ್ವಲ್ಪ ಹೊತ್ತು ಅದನ್ನು ಬಾಯೊಳಗೇ ಹೇಳಿಕೊಂಡು ನೋಡಿದರು.

"ಅಷ್ಟಾದ್ರೆ ನಾನೂ ಅನ್ಬೌದು ಬಿಡಿ" ಎಂದರು.

ಕಂಡಕ್ಟರು ಹಗರೆ ಎಂದು ಕೂಗುವ ಮೊದಲೇ ಪುಟ್ಟಗೌರಮ್ಮನವರು ಎದ್ದು ಬಾಗಿಲಿನ ಬಳಿ ನಿಂತಿದ್ದರು. ಇಬ್ಬರೂ ಇಳಿದು, ರಸ್ತೆ ದಾಟಿ ತೋಟದ ದಾರಿ ಹಿಡಿದರು. ಆರು ವರ್ಷದ ಅನುವಾದದಲ್ಲಿ ನಾನು ಮೂಲಕ್ಕೆ ದ್ರೋಹ ಬಗೆದದ್ದು ಅದೊಂದೇ ಕಡೆ. ಅಚ್ಚಾದ ಪುಸ್ತಕದಲ್ಲೂ ಎರಡು ಪುಟದ ಜಾಗದಲ್ಲಿ ಆ ಒಂದು ಮಾತನ್ನೇ ಉಳಿಸಿದ್ದೇನೆ.